ಮರ್ವಿನ್ ಪೆಂಗಿಲಿಯ ಇನ್ನೂರ ನಲವತ್ತು ಚದರ ಮೀಟರ್

ತನಗಾದ ಅನ್ಯಾಯವನ್ನು ಮರ್ವಿನ್ ಪೆಂಗಿಲಿ ಯಾರಿಗೆ ಹೇಳಿದರೂ ಬಕೆಟ್‌ನಿಂದಲೇ ಶುರುಮಾಡುತ್ತಿದ್ದ. ಇಪ್ಪತ್ತಾರು ವರ್ಷ, ದಿನಕ್ಕೆ ಎರಡು ಬಕೆಟ್. ಬಟ್ಟೆ ಒಗೆಯುವ ಯಂತ್ರದ ನೊರೆನೀರನ್ನು ಹಿತ್ತಲಿನಿಂದ ಹೊತ್ತು ತಂದು, ಗೇಟು ದಾಟಿ, ಬೀದಿಯಂಚಿನ ಹುಲ್ಲುಪಟ್ಟಿಯಲ್ಲಿದ್ದ, ತೆಳು ಎಲೆಯ ಕೊಂಬೆಗಳನ್ನು ಇಳಿಬಿಟ್ಟ ಪೆಪ್ಪರ್ ಮರದ ಬುಡಕ್ಕೆ ಸುರಿದವನು ಅವನು. ಹುಲ್ಲುಪಟ್ಟಿ ಊರಿನ ಆಡಳಿತ ನಡೆಸುವ ಕೌನ್ಸಿಲ್‌ಗೆ ಸೇರಿದ್ದು. ಮರ ಯಾರಿಗೆ ಸೇರಿದ್ದು ಎಂದು ಯಾರೂ ಕೇಳಿರಲಿಲ್ಲ, ಯಾಕೆಂದರೆ ಕೇಳಿದರೆ ಬಕೆಟ್‌ನ ಕಥೆ ಶುರುವಾಗುತ್ತದೆ ಎಂದು ಊರಿಗೇ ಗೊತ್ತಿತ್ತು.

ಡಿಸೆಂಬರ್ ಜನವರಿಯಲ್ಲೇ ಕಡುಬೇಸಗೆಯಾಗುವ ಟಾರಬಿನ್ಯದಲ್ಲಿ ನೆರಳು ಎಂದರೆ ಹುಡುಗಾಟದ ವಸ್ತುವಲ್ಲ. ಅಲ್ಲಿ ಯಾರೂ ಅಂಗಡಿಯ ಬಾಗಿಲಲ್ಲಿ ಕಾರು ನಿಲ್ಲಿಸುವುದಿಲ್ಲ. ನಾನೂರು ಮೀಟರ್ ಆಚೆಯ ಮರದ ಕೆಳಗೆ ಕಾರು ಬಿಟ್ಟು, ನಲವತ್ತೆರಡು ಡಿಗ್ರಿಯಲ್ಲಿ ಬೆಂದುಕೊಂಡು ನಡೆದು ಬರುತ್ತಾರೆ. ಕಾರು ತಣ್ಣಗಿರಬೇಕು, ಅಷ್ಟೆ. ಇಂಥ ಊರಿನಲ್ಲಿ ಒಳ್ಳೆಯ ಮರ ಇದ್ದವನಿಗೆ ಒಂದು ಗತ್ತು ಇರುವುದು ಸಹಜ. ಮರ್ವಿನ್‌ಗೂ ಇತ್ತು. ಆದರೆ ಹೋದ ವರ್ಷ ಕೌನ್ಸಿಲ್ ತನ್ನ ಕ್ಯಾಲೆಂಡರಿನ ನವೆಂಬರ್ ಪುಟದಲ್ಲಿ ಗ್ಲೆನಿಸ್ ಟ್ರೆಂಬಾತ್‌ಳ ಅಂಗಳದ ಜಕರಾಂಡ ಮರದ ಚಿತ್ರ ಹಾಕಿತು. ಆ ವರ್ಷ ಮರ್ವಿನ್‌ನ ಅಡುಗೆಮನೆಯಲ್ಲಿ ಅಕ್ಟೋಬರ್ ಅರವತ್ತೊಂದು ದಿನ ನಡೆಯಿತು.

ಗ್ಲೆನಿಸ್ ಎಂದರೆ ಈಜುಕೊಳದ ಸಮಿತಿಯ ಅಧ್ಯಕ್ಷೆ. ಈಜುಕೊಳ ಮರ್ವಿನ್‌ನ ಮನೆಯ ಎದುರಿಗೇ, ರಸ್ತೆಯ ಆಚೆ. ಅಲ್ಲಿ ನೀರಿತ್ತು, ಬೇಲಿಯಿತ್ತು, ಬೋರ್ಡುಗಳಿದ್ದವು. ನೆರಳು ಮಾತ್ರ ಒಂದು ಟವೆಲ್ಲಿನಷ್ಟೂ ಇರಲಿಲ್ಲ. ನೆರಳಿಲ್ಲದ ಕಡೆ ಮಕ್ಕಳಿಗೆ ಜನವರಿಯ ಈಜು ಪಾಠ ನಡೆಸುವಂತಿಲ್ಲ ಎಂದು ಶಿಕ್ಷಣ ಇಲಾಖೆ ಹೊಸ ನಿಯಮ ಮಾಡಿತ್ತು. ಹಾಗಾಗಿ ಕೊಳದ ಪಕ್ಕ ನಾಲ್ಕು ಕಂಬ ನೆಟ್ಟು ಹಡಗಿನ ಹಾಯಿಯಂಥ ದೊಡ್ಡ ಬಟ್ಟೆ ಬಿಗಿಸಿಕೊಡಿ ಎಂದು ಗ್ಲೆನಿಸ್ ಅರ್ಜಿ ಹಾಕಿದ್ದಳು. ಕೊಡುತ್ತೇವೆ, ಆದರೆ ಅದಕ್ಕೆ ಮೊದಲು ಕೊಳದಿಂದ ಮೂವತ್ತು ಮೀಟರ್ ಒಳಗೆ ಈಗಾಗಲೇ ಎಷ್ಟು ಸಾರ್ವಜನಿಕ ನೆರಳಿದೆ ಎಂದು ಅಳೆಯುತ್ತೇವೆ ಎಂದಿತ್ತು ಕೌನ್ಸಿಲ್.

ಅಳೆಯಲು ಬಂದವಳು ಡನಿಕಾ, ಕೌನ್ಸಿಲ್‌ನ ಹೊಸ ಹುಡುಗಿ. ಕೈಯಲ್ಲಿ ಟೇಪು, ಕೊರಳಲ್ಲಿ ಗುರುತಿನ ಚೀಟಿ, ಮೂಗಿನ ಮೇಲೆ ಬಿಸಿಲಿಗೆಂದು ಬಳಿದ ಬಿಳಿ ಕ್ರೀಮು. ಸರಿಯಾಗಿ ಹನ್ನೆರಡಕ್ಕೆ ಅವಳು ಮರದ ಹತ್ತಿರ ಬಂದಾಗ ಮರ್ವಿನ್ ಗೇಟಿನಲ್ಲಿದ್ದ. ಗೋಧಿ ಗೋದಾಮಿನ ತೂಕದ ಕಟ್ಟೆಯಲ್ಲಿ ಮೂವತ್ತೊಂದು ವರ್ಷ ಲಾರಿ ತೂಗಿ ನಿವೃತ್ತನಾದವನು. ಯಾರಾದರೂ ಏನನ್ನಾದರೂ ಅಳೆಯುತ್ತಾರೆ ಎಂದರೆ ಅವನಿಗೆ ಒಳಗೆ ಕೂತಿರಲು ಆಗುತ್ತಿರಲಿಲ್ಲ.

ಅವನು ಮರದ ಬುಡ ನೋಡಿದ. ಬೇಸಗೆಯ ಮಧ್ಯಾಹ್ನದ ನೆರಳು, ಬಿಸಿನೀರಿನಲ್ಲಿ ಒಗೆದ ಉಣ್ಣೆಯ ಸ್ವೆಟರಿನ ಹಾಗೆ ಕುಗ್ಗಿ, ಕಾಂಡದ ಸುತ್ತ ಮುದುಡಿಕೊಂಡಿತ್ತು. ಇಪ್ಪತ್ತಾರು ವರ್ಷದ ಬಕೆಟ್‌ಗಳಿಗೆ ಸಿಗುವ ಲೆಕ್ಕ ಇಷ್ಟೇನಾ?

“ಈಗ ಅಳೀಬೇಡಮ್ಮ,” ಅಂದ ಮರ್ವಿನ್.

“ಹನ್ನೆರಡಕ್ಕೇ ಅಳೀಬೇಕು ಅಂತ ಹೇಳಿದಾರೆ, ಮಿಸ್ಟರ್ ಪೆಂಗಿಲಿ.”

“ಹೇಳಿದವರು ಊಟ ಮಾಡ್ತಾ ಇರ್ತಾರೆ ಈಗ. ನೀನೂ ಮಾಡು. ಐರಿಸ್, ಇನ್ನೊಂದು ತಟ್ಟೆ ಇಡು.”

ಅವನ ಹೆಂಡತಿ ಐರಿಸ್ ಇನ್ನೊಂದು ತಟ್ಟೆ ಇಟ್ಟಳು. ತಣ್ಣನೆಯ ಕುರಿಮಾಂಸ, ಬೀಟ್‌ರೂಟು, ಆಲೂಗೆಡ್ಡೆ. ಊಟವಾದ ಮೇಲೆ ಟೀ. ಟೀ ಆದ ಮೇಲೆ ತೂಕದ ಕಟ್ಟೆಯ ಫೋಟೋ ಆಲ್ಬಮ್ಮುಗಳು, ವರ್ಷಕ್ಕೊಂದರಂತೆ. ಹನ್ನೊಂದನೇ ಆಲ್ಬಮ್ಮಿಗೆ ಹುಡುಗಿ ಎದ್ದು ನಿಂತಳು. ಅಷ್ಟರಲ್ಲಿ ಬನ್ನಿನಂಥ ಬಿಸಿ ಸ್ಕೋನು ಬಂತು, ಏಪ್ರಿಕಾಟ್ ಜಾಮಿನ ಜೊತೆಗೆ. ಟಾರಬಿನ್ಯದಲ್ಲಿ ಬಿಸಿ ಸ್ಕೋನು ಬಿಟ್ಟು ಎದ್ದುಹೋಗುವುದಕ್ಕಿಂತ ತಟ್ಟೆಯನ್ನು ಗೋಡೆಗೆ ಎಸೆಯುವುದು ಮೇಲು. ಹುಡುಗಿ ಕೂತಳು. ಮರ್ವಿನ್ ಐದು ನಿಮಿಷಕ್ಕೊಮ್ಮೆ ಕಿಟಕಿಯಲ್ಲಿ ಇಣುಕುತ್ತಿದ್ದ. ನೆರಳು ಹುಲ್ಲುಪಟ್ಟಿ ದಾಟಿತು. ರಸ್ತೆಗೆ ಇಳಿಯಿತು. ಡಾಂಬರಿನ ಮೇಲೆ ಯಾವ ಅವಸರವೂ ಇಲ್ಲದೆ ಸಾಗಿ, ಸಂಜೆ ಆರಕ್ಕೆ ಈಜುಕೊಳದ ಬೇಲಿ ಹಾರಿ, ಎಳೆಮಕ್ಕಳ ತೊಟ್ಟಿಯ ಮೇಲೆ ಮೈಚಾಚಿ ಮಲಗಿತು.

“ಹಾಂ, ಈಗ ಅಳಿ,” ಅಂದ ಮರ್ವಿನ್, ಟೇಪಿನ ಇನ್ನೊಂದು ತುದಿ ತಾನೇ ಹಿಡಿದು.

ಡನಿಕಾ ಫಾರಂ ತಿರುಗಿಸಿ ನೋಡಿದಳು. “ದಿನಾಂಕ ಕೇಳಿದಾರೆ. ಗಂಟೆ ಬರೆಯೋಕೆ ಜಾಗಾನೇ ಇಲ್ಲ.”

“ಜಾಗ ಇಲ್ಲ ಅಂದ್ರೆ ಬೇಡ ಅಂತ ಅರ್ಥ.”

ಇನ್ನೂರ ನಲವತ್ತು ಚದರ ಮೀಟರ್. ಆ ಸಂಖ್ಯೆಯನ್ನು ಮರ್ವಿನ್ ಆ ವಾರ ಕಟುಕನಿಗೆ ಹೇಳಿದ, ಪೋಸ್ಟಾಫೀಸಿನಲ್ಲಿ ಹೇಳಿದ, ತಪ್ಪು ನಂಬರಿಗೆ ಫೋನು ಮಾಡಿದ ಒಬ್ಬ ಅಪರಿಚಿತನಿಗೂ ಹೇಳಿದ.

ಹದಿನೈದು ದಿನಕ್ಕೆ ಗ್ಲೆನಿಸ್ ಅವನ ಗೇಟಿಗೆ ಬಂದಳು. ಎಪ್ಪತ್ತರ ಹೆಂಗಸು, ಈಜುಡುಗೆಯ ಮೇಲೆ ಗಂಡನ ಅಂಗಿ, ಕೈಯಲ್ಲಿ ಕಾಗದ. ಕೂಗಾಡಲಿಲ್ಲ. ಓದಿದಳು.

“‘ಕೊಳದಿಂದ ಮೂವತ್ತು ಮೀಟರ್ ಒಳಗೆ ಇನ್ನೂರ ನಲವತ್ತು ಚದರ ಮೀಟರ್ ಸಾರ್ವಜನಿಕ ನೆರಳು ಈಗಾಗಲೇ ಲಭ್ಯವಿರುವುದರಿಂದ, ಹಾಯಿಯ ಅಗತ್ಯ ಕಂಡುಬರುವುದಿಲ್ಲ.’ ಏನಪ್ಪಾ ಇದು, ಮರ್ವ್?”

ಹೀಗಾಗುತ್ತದೆಂದು ಮರ್ವಿನ್ ಎಣಿಸಿರಲಿಲ್ಲ. ಆದರೆ ಅವನ ಬಾಯಿ ತಲೆಯನ್ನು ಕೇಳಿ ಮಾತಾಡುವ ಬಾಯಲ್ಲ. “ಕೌನ್ಸಿಲ್ ಅಳೆದಿದೆ. ನಾನು ಟೇಪಿನ ತುದಿ ಹಿಡಿದೆ, ಅಷ್ಟೇ.”

“ಹಾಗಾದ್ರೆ ಸರಿ. ಪಾಠ ನಡೀಬೇಕು ಅಂದ್ರೆ ನೆರಳು ನಿನ್ನ ಮರದ ಕೆಳಗಿದೆ ಅಂತ ಕಾಗದ ಹೇಳ್ತಾ ಇದೆ. ಸೋಮವಾರದಿಂದ ಇಡೀ ಸಮಿತಿ ಇಲ್ಲೇ ಕೂರುತ್ತೆ. ಇಲಾಖೆಯವರು ಬಂದು ಕಣ್ಣಾರೆ ನೋಡಲಿ.”

“ಕೂತ್ಕೊಳ್ಳಿ. ಸಾರ್ವಜನಿಕ ನೆರಳು.”

ಆ ಕೊನೆಯ ಎರಡು ಶಬ್ದಗಳಿಗಾಗಿ ಅವನು ಮುಂದೆ ಬಹಳ ಸಲ ತನ್ನ ನಾಲಿಗೆ ಕಚ್ಚಿಕೊಂಡ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಡಚುವ ಕುರ್ಚಿಗಳು ಬಂದವು. ಆಮೇಲೆ ಐಸ್ ಪೆಟ್ಟಿಗೆಗಳು, ತಳ್ಳುಗಾಡಿಯಲ್ಲಿ ಮಲಗಿದ ಶಿಶುಗಳು, ಶಿಶುಗಳ ಅಮ್ಮಂದಿರು, ಶಿಶುಗಳನ್ನು ನೋಡಿಕೊಳ್ಳುತ್ತೇವೆಂದು ಬಂದು ನಿದ್ದೆಹೋದ ಅಜ್ಜಂದಿರು. ಮಧ್ಯಾಹ್ನವಾದಂತೆ ನೆರಳು ಕುಗ್ಗಿತು, ಜನ ಕುಗ್ಗಲಿಲ್ಲ. ಮೂವತ್ತೆಂಟು ಮಂದಿ ಕಾಂಡದ ಸುತ್ತ, ಬಸ್ಸು ತಪ್ಪಿಸಿಕೊಂಡವರಂತೆ, ಒಬ್ಬರ ಮಂಡಿ ಇನ್ನೊಬ್ಬರ ಬೆನ್ನಿಗೆ ತಾಗಿಸಿ ಕೂತರು. ಜಾಗ ಸಾಲದವರು ಬೇಲಿ ದಾಟಿ ಅವನ ಹುಲ್ಲಿನ ಮೇಲೆ ಕೂತರು. ಜಾಗ ಸಾಲದ ಟವೆಲ್ಲುಗಳು ಅವನ ಬೇಲಿಯ ಮೇಲೆ ಒಣಗಿದವು. ಬುಧವಾರ ಕೌನ್ಸಿಲ್‌ನವರು ಬಂದು ‘ಸಾರ್ವಜನಿಕ ನೆರಳು, 240 ಚ.ಮೀ.’ ಎಂಬ ಹಸಿರು ಫಲಕ ನೆಟ್ಟರು, ನೇರವಾಗಿ ಅವನ ಮಲಗುವ ಕೋಣೆಯ ಕಿಟಕಿಗೆ ಎದುರಾಗಿ. ಶುಕ್ರವಾರ ಸಮಿತಿ ಊರಿನ ವಾಡಿಕೆಯಂತೆ ಅಲ್ಲಿಯೇ ಚೀಟಿ ಎತ್ತಿ ಒಂದು ತಟ್ಟೆ ಹಸಿಮಾಂಸ ಬಹುಮಾನ ಕೊಟ್ಟಿತು. ಗೆದ್ದವಳು ಐರಿಸ್.

“ನೀನು ಯಾವಾಗ ಅವರ ಜೊತೆ ಸೇರಿದೆ?” ಎಂದು ಮರ್ವಿನ್ ಕೇಳಿದ.

“ಮಂಗಳವಾರ,” ಅಂದಳು ಐರಿಸ್. “ಮಾತು ಚೆನ್ನಾಗಿರುತ್ತೆ. ನಿನ್ನ ವಿಷಯಾನೇ ಜಾಸ್ತಿ.”

“ಏನಂತಾರೆ?”

“ಗಂಡಸರು ಅಷ್ಟೇನೂ ಹೇಳಲ್ಲ. ಹೆಂಗಸರು ಪ್ಯಾರಾಗಟ್ಟಲೆ ಹೇಳ್ತಾರೆ.”

ಊರು ಅವನ ಜೊತೆ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ವಾಸಿಯಾಗಿತ್ತು. ಕಟುಕ ಅವನಿಗೆ ಸಾಸೇಜು ಕಟ್ಟಿಕೊಡುತ್ತ, “ನಮ್ಮ ಮೊಮ್ಮಗಳು ಈ ವರ್ಷ ಈಜು ಕಲೀಬೇಕಿತ್ತು, ಇರಲಿ ಬಿಡಿ, ಹೊಲದ ನೀರಿನ ಹೊಂಡದ ಹತ್ರ ಹೋಗದ ಹಾಗೆ ನೋಡ್ಕೋತೀವಿ” ಅನ್ನುತ್ತಿದ್ದ. ಇಷ್ಟು ವರ್ಷ ತನಗೆ ಕೈಬೀಸಿದ ಶಾಲಾ ಬಸ್ಸಿನ ಚಾಲಕ ಈಗ ಮರಕ್ಕೆ ಕೈಬೀಸುತ್ತಿದ್ದ.

ಮರ್ವಿನ್ ಕೌನ್ಸಿಲ್‌ಗೆ ಫೋನು ಮಾಡಿದ. ಡನಿಕಾಳೇ ಎತ್ತಿದಳು.

“ಆ ನೆರಳು ವಾಪಸ್ ತಗೋಬೇಕು ಕಣಮ್ಮ,” ಅಂದ.

“ದಾಖಲಾದ ನೆರಳು ವಾಪಸ್ ತಗೊಳ್ಳೋಕೆ ಬರಲ್ಲ, ಮರ್ವ್. ನೀತಿಯ ಮೂರನೇ ಪುಟದಲ್ಲಿ ನೆರಳು ಅಂದ್ರೆ ಏನು ಅಂತ ಏಳು ಅರ್ಥ ಕೊಟ್ಟಿದಾರೆ. ಓದ್ಲಾ? ಕಟ್ಟಿದ ನೆರಳು, ಬೆಳೆದ ನೆರಳು, ಕೂರಬಹುದಾದ ನೆರಳು, ಹಾದುಹೋಗೋ ನೆರಳು. ಹಾದುಹೋಗೋದು ಅಂದ್ರೆ ಲಾರಿ ನಿಂತಾಗ ಬೀಳೋದು, ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಆಮೇಲೆ—”

“ನನ್ನದು ಯಾವುದು?”

“ಬೆಳೆದ, ಕೂರಬಹುದಾದ, ಸಾರ್ವಜನಿಕ.”

“ನನ್ನದು ಅಂತ ಎಲ್ಲಾದ್ರೂ ಇದೆಯಾ?”

ಅವಳು ಪ್ರಾಮಾಣಿಕವಾಗಿ ಹುಡುಕಿದಳು. ಪುಟ ಮಗುಚುವ ಸದ್ದು ಅವನಿಗೆ ಕೇಳಿಸಿತು. “ಇಲ್ಲ,” ಅಂದಳು. “ಆ ಅರ್ಥ ಇಲ್ಲ. ಆದರೆ ಇಲ್ಲಿ ಒಂದು ಜವಾಬ್ದಾರಿ ಕಾಣಿಸ್ತಾ ಇದೆ. ಹತ್ತರಿಂದ ಮೂರರವರೆಗೆ ನೀವು ಕೊಂಬೆ ಕತ್ತರಿಸೋ ಹಾಗಿಲ್ಲ.”

ಮರ್ವಿನ್ ಫೋನು ಕುಕ್ಕಿದ. ತನ್ನದೇ ಮರದ ನೆರಳು ಕಂಡರಾಗದ ಸ್ಥಿತಿಗೆ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಿದ ಸರಕಾರ ಇನ್ನೆಲ್ಲಾದರೂ ಇದೆಯೇ ಎಂದು ಅವನು ಹಿತ್ತಲಿನಲ್ಲಿ ಕೋಳಿಗಳಿಗೆ ಕೇಳಿದ. ಕೋಳಿಗಳು ತಗಡಿನ ಕೆಳಗೆ, ತಮ್ಮ ಕಟ್ಟಿದ ನೆರಳಿನಲ್ಲಿ, ಬಾಯಿ ತೆರೆದು ಏದುತ್ತಿದ್ದವು.

ಡಿಸೆಂಬರ್ ಹನ್ನೆರಡಕ್ಕೆ ಗ್ಲೆನಿಸ್‌ಳ ಮೇಲ್ಮನವಿಯ ಮೇಲೆ ಲಿಂಡ್ನರ್ ಬಂದರು. ಕೌನ್ಸಿಲ್‌ನ ಹಿರಿಯ ಅಧಿಕಾರಿ. ಕಿವಿ, ಕತ್ತು, ಭುಜ ಎಲ್ಲ ಮುಚ್ಚುವ ಟೋಪಿ, ಒಳಗಿನಿಂದ ಮಾತು ಬರುವುದು ಡೇರೆಯೊಳಗಿನಿಂದ ಬಂದ ಹಾಗೆ. ಅವರ ಹಿಂದೆ ಡನಿಕಾ, ಅಳುವ ಮುಖ. ಮೂವತ್ತೆಂಟು ಜನ ಕುರ್ಚಿ ಸಮೇತ ಸರಿದು ಜಾಗ ಮಾಡಿದರು. ಹನ್ನೆರಡು ಗಂಟೆಗೆ ಸರಿಯಾಗಿ ಲಿಂಡ್ನರ್ ಜೇಬಿನಿಂದ ಒಂದು ಉದ್ದನೆಯ ಪಟ್ಟಿ ತೆಗೆದರು. ಅದರ ಮೇಲೆ ತಿಳಿ ಬೂದಿಯಿಂದ ಕಪ್ಪಿನವರೆಗೆ ಏಳು ಬಣ್ಣದ ಚೌಕಗಳಿದ್ದವು. ಮಂಡಿಯೂರಿ ಅದನ್ನು ನೆಲದ ಮೇಲಿನ ನೆರಳಿಗೆ ಹಿಡಿದು, ಬಟ್ಟೆ ಅಂಗಡಿಯಲ್ಲಿ ರವಿಕೆಗೆ ನೂಲು ಹೊಂದಿಸುವವರಂತೆ ಕಣ್ಣು ಕಿರಿದು ಮಾಡಿದರು.

“ಎರಡು,” ಅಂದರು.

“ಎರಡು ಏನು?” ಮರ್ವಿನ್ ಕೇಳಿದ.

“ಏಳರಲ್ಲಿ ಎರಡು. ಎಲೆ ತೆಳು. ಬಿಸಿಲು ಸೋರುತ್ತೆ. ಇದು ನೆರಳು ಅನ್ನೋಕಿಂತ ನೆರಳಿನ ಪ್ರಯತ್ನ.” ಎದ್ದು ನಿಂತು ಮಂಡಿ ಕೊಡವಿದರು. “ವಿಸ್ತೀರ್ಣ ಎಂಬತ್ತು. ಗುಣಮಟ್ಟ ಕಳಪೆ. ಒಳ್ಳೆ ಸುದ್ದಿ, ಮಿಸೆಸ್ ಟ್ರೆಂಬಾತ್. ಕಳಪೆ ಅಂತ ಬರೆದ್ರೆ ನಿಮಗೆ ಹಾಯಿ ಸಿಗುತ್ತೆ. ಕಳಪೆ ಮರಾನ ಮಾತ್ರ ಕಡೀಬೇಕಾಗುತ್ತೆ. ನೀತೀಲೂ ಹಾಗೇ ಇದೆ.”

ಮೂವತ್ತೆಂಟು ಜನ ಚಪ್ಪಾಳೆ ತಟ್ಟಲು ಕೈ ಎತ್ತಿದವರು ಅರ್ಧಕ್ಕೇ ನಿಲ್ಲಿಸಿದರು. ಮರ್ವಿನ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

“ಕಳಪೆ?” ಅಂದ. “ಇವರನ್ನ ಕೇಳಿ. ಮೂರು ವಾರದಿಂದ ಇಲ್ಲಿ ಬಿದ್ಕೊಂಡಿದಾರೆ, ಒಬ್ಬರ ಮೂಗಾದ್ರೂ ಸುಟ್ಟಿದೆಯಾ? ಗ್ಲೆನಿಸ್, ತಿರುಗು ಈ ಕಡೆ. ಅವಳ ಮೂಗು ನೋಡಿ ಸಾಹೇಬ್ರೆ, ಹೇಗಿದೆ?”

“ನನ್ನ ಮೂಗು ಬಿಡು ಮರ್ವ್,” ಅಂದಳು ಗ್ಲೆನಿಸ್.

“ಹಾಗಾದ್ರೆ ಉತ್ತಮ ಅಂತ ಬರೀತೀನಿ,” ಅಂದರು ಲಿಂಡ್ನರ್, ಯಾವ ಬೇಸರವೂ ಇಲ್ಲದೆ. “ಉತ್ತಮ ಅಂದ್ರೆ ಮರ ಉಳಿಯುತ್ತೆ, ಹಳೇ ಇನ್ನೂರ ನಲವತ್ತೂ ಉಳಿಯುತ್ತೆ. ಹಾಯಿ ಇಲ್ಲ. ಪಾಠ ಇಲ್ಲ. ಯಾವುದು ಬರೀಲಿ?”

ಕೊಳದ ಕಡೆಯಿಂದ ಯಾರೋ ನೀರಿಗೆ ಧುಮುಕಿದ ಸದ್ದು ಬಂತು. ಟಾರಬಿನ್ಯದ ಜನ ಗೋಧಿಯ ಬಗ್ಗೆ, ಫುಟ್‌ಬಾಲಿನ ಬಗ್ಗೆ, ಸತ್ತವರ ಬಗ್ಗೆ ಕೂಡ ತಕ್ಷಣ ಅಭಿಪ್ರಾಯ ಹೇಳಬಲ್ಲವರು. ಒಬ್ಬನ ಎದುರಿಗೇ ಅವನ ಮರ ಕಡಿಯಿರಿ ಎಂದು ಹೇಳಬಲ್ಲವರು ಅವರಲ್ಲಿ ಇರಲಿಲ್ಲ. ಕಡಿಯಬೇಡಿ ಎಂದರೆ ಮಕ್ಕಳ ಪಾಠ ಹೋಗುತ್ತಿತ್ತು. ಎಲ್ಲರೂ ತಂತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು.

“ಎರಡೂ ಸುಳ್ಳು,” ಅಂದ ಮರ್ವಿನ್.

ಆ ಮಾತು ಎಲ್ಲಿಂದ ಬಂತೆಂದು ಅವನಿಗೇ ಗೊತ್ತಾಗಲಿಲ್ಲ. ಬಂದದ್ದಂತೂ ಸಿಟ್ಟಿನಿಂದ. ತೂಕದ ಕಟ್ಟೆಯಲ್ಲಿ ಒಮ್ಮೆ ಒಬ್ಬ ಒದ್ದೆ ಗೋಧಿ ತಂದು ಒಣ ಗೋಧಿಯ ಚೀಟಿ ಕೇಳಿದ್ದಾಗ ಬಂದಂಥದೇ ಸಿಟ್ಟು. ಈ ಸಲ ಒದ್ದೆ ಗೋಧಿ ತಂದವನು ತಾನೇ ಎನ್ನುವುದು ಅದರಲ್ಲಿದ್ದ ಹೊಸ ಅನ್ಯಾಯ.

“ಆ ಇನ್ನೂರ ನಲವತ್ತು ಸಂಜೆ ಆರು ಗಂಟೇದು. ಈ ಹುಡುಗಿ ಹನ್ನೆರಡಕ್ಕೇ ಬಂದಿದ್ಲು. ನಾನೇ ಆರು ಗಂಟೆ ಹೊತ್ತು ಕೂರಿಸಿಕೊಂಡೆ. ಬೇಕು ಅಂತಾನೇ. ಅವಳದೇನೂ ತಪ್ಪಿಲ್ಲ, ಅವಳನ್ನ ಬೈದ್ರೆ ನಾನು ಸುಮ್ಮನಿರಲ್ಲ.”

“ಯಾಕೆ ಕೂರಿಸಿಕೊಂಡ್ರಿ?” ಟೋಪಿಯೊಳಗಿನಿಂದ ಪ್ರಶ್ನೆ ಬಂತು.

ಮರ್ವಿನ್ ಗ್ಲೆನಿಸ್‌ಳ ಕಡೆ ನೋಡಲಿಲ್ಲ. “ಅವಳ ಜಕರಾಂಡ ಕ್ಯಾಲೆಂಡರಲ್ಲಿ ಬಂದಿತ್ತು.”

ಆಮೇಲೆ ಐರಿಸ್, ತನ್ನ ಕುರ್ಚಿಯಿಂದ ಏಳದೆ, ಪಕ್ಕದವಳಿಗೆ ಹೇಳಿದಳು: “ಒಂದು ಹುಡುಗೀನ ಅವನು ಆರು ಗಂಟೆ ಉಪಚರಿಸಿದ್ದು ಅದೇ ಮೊದಲು. ನಮ್ಮ ಮದುವೆ ದಿನ ನಾಲ್ಕೂವರೆಗೇ ಎದ್ದು ಹೋಗಿದ್ದ, ಲಾರಿ ಬಂತು ಅಂತ.”

ಲಿಂಡ್ನರ್ ನಗಲಿಲ್ಲ, ಅಥವಾ ನಕ್ಕದ್ದು ಟೋಪಿಯೊಳಗೇ ಉಳಿಯಿತು. ತಪ್ಪು ಹೊತ್ತಿನಲ್ಲಿ ಅಳೆದದ್ದಾದರೆ ಮೊದಲ ಅಳತೆಯೇ ರದ್ದು, ಅದರ ಮೇಲೆ ನಿಂತ ಇವತ್ತಿನ ಎಂಬತ್ತೂ ರದ್ದು ಎಂದರು. ಕಾರಣದ ಜಾಗದಲ್ಲಿ ‘ನಿವಾಸಿಯಿಂದ ಅಡಚಣೆ’ ಎಂದು ಬರೆದು ಮರ್ವಿನ್‌ನಿಂದ ಸಹಿ ಹಾಕಿಸಿಕೊಳ್ಳಬೇಕು. ಕೊಳಕ್ಕೆ ನೆರಳು ಸೊನ್ನೆ, ಹಾಯಿ ಮಂಜೂರು. ಮರವನ್ನು ಕಡಿಯುವುದಿಲ್ಲ, ಯಾಕೆಂದರೆ ಅದು ಇನ್ನು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕೌನ್ಸಿಲ್‌ನ ಮಟ್ಟಿಗೆ ಅಲ್ಲೊಂದು ಮರವೇ ಇಲ್ಲ.

“ಮರವೇ ಇಲ್ಲ,” ಅಂದ ಮರ್ವಿನ್.

“ದಾಖಲೆಯ ಮಟ್ಟಿಗೆ.”

ಇಪ್ಪತ್ತಾರು ವರ್ಷ. ದಿನಕ್ಕೆ ಎರಡು. ಅವನು ಪೆನ್ನು ತೆಗೆದುಕೊಂಡು, ಕಾಗದ ಹರಿಯುವಷ್ಟು ಒತ್ತಿ, ಸಹಿ ಹಾಕಿದ. ಡನಿಕಾ ಹಸಿರು ಫಲಕವನ್ನು ಕಿತ್ತು, ಕಂಕುಳಲ್ಲಿ ಇರುಕಿಕೊಂಡು, ಹೋಗುವಾಗ ಅವನ ತೋಳನ್ನು ಒಮ್ಮೆ ಮುಟ್ಟಿ ಹೋದಳು.

ಕಾರು ಮರೆಯಾಯಿತು. ಆಮೇಲೆ ಸಮಿತಿ ಅವನ ಕಡೆ ತಿರುಗಿತು. ಮೆಚ್ಚುಗೆಯ ಒಂದೆರಡು ಮಾತು ಬರಬಹುದೆಂದು ಮರ್ವಿನ್ ಗೇಟಿಗೆ ಒರಗಿ, ಬೇಡ ಬೇಡ ಎನ್ನಲು ಸಿದ್ಧನಾಗಿ ನಿಂತ. ಬಂದದ್ದು ಬೇರೆ.

“ಒಂದು ಕ್ಯಾಲೆಂಡರಿಗೆ, ಮರ್ವ್,” ಅಂದಳು ಗ್ಲೆನಿಸ್. “ಮೂರು ವಾರ ನಮ್ಮನ್ನ ಇಲ್ಲಿ ಉಪ್ಪಿನಕಾಯಿ ಹಾಕಿದ ಹಾಗೆ ಕೂರಿಸಿದೆ. ಹೋಗಿ ಒಂದು ಮಾತು ಹೇಳಿದ್ರೆ ಮುಗೀತಿತ್ತು.”

“ಈಗ ಹೇಳಿದ್ನಲ್ಲ.”

“ಬಹಳ ಉಪಕಾರ. ಎಲ್ಲಾ ಏಳಿ, ಕುರ್ಚಿ ಮಡಚಿ. ಇನ್ನು ಇವನ ಮರದ ಹಂಗು ನಮಗೆ ಬೇಡ.”

ಮೂವತ್ತೆಂಟು ಕುರ್ಚಿಗಳು ಟಪ್ಪೆಂದು ಮಡಚಿಕೊಂಡವು. ಟವೆಲ್ಲುಗಳು ಬೇಲಿಯಿಂದ ಇಳಿದವು. ಎಚ್ಚರಗೊಂಡ ಅಜ್ಜಂದಿರು ಏನಾಯಿತೆಂದು ಕೇಳಿ, ತಿಳಿದು, ಮರ್ವಿನ್‌ನತ್ತ ತಲೆಯಾಡಿಸಿದರು. ತಳ್ಳುಗಾಡಿಗಳ ಸಾಲು ರಸ್ತೆಗೆ ಇಳಿಯಿತು. ನಲವತ್ತಮೂರು ಡಿಗ್ರಿ. ಡಾಂಬರು ಚಪ್ಪಲಿಗೆ ಅಂಟಿ ಕಿತ್ತುಬರುತ್ತಿತ್ತು. ಆಚೆ, ಕೊಳದ ಸುತ್ತ, ಒಂದು ಟವೆಲ್ಲಿನಷ್ಟೂ ನೆರಳಿರಲಿಲ್ಲ.

ಮರ್ವಿನ್ ಗೇಟು ತೆರೆದು ರಸ್ತೆಯ ನಡುವಿಗೆ ಬಂದ.

“ಎಲ್ಲಿಗೆ ಹೊರಟಿದೀರಿ?” ಎಂದು ಗದರಿದ. “ಹಾಯಿ ಬರೋಕೆ ಇನ್ನೂ ಮೂರು ವಾರ ಇದೆ. ಅಲ್ಲಿವರೆಗೆ ಎಲ್ಲಿ ಕೂರ್ತೀರಿ, ನನ್ನ ತಲೆ ಮೇಲಾ? ಆ ಮಗೂನ ಬಿಸಿಲಿಗೆ ಯಾಕೆ ತಗೊಂಡು ಹೋಗ್ತಾ ಇದೀಯಮ್ಮ, ಬುದ್ಧಿ ಇದೆಯಾ ನಿಂಗೆ? ತಿರುಗಿಸು ಗಾಡೀನ. ಇಷ್ಟು ದಿನ ಕಾಗದ ತೋರಿಸಿ ಕೂತ್ರಲ್ಲ, ಈಗ ಕಾಗದ ಇಲ್ಲ ಅಂತ ನನ್ನ ಮರಕ್ಕೆ ಅವಮಾನ ಮಾಡ್ತೀರಾ? ಒಂದು ಕುರ್ಚೀನೂ ಆ ಕಡೆ ಹೋಗಕೂಡದು.”

ಸಾಲು ರಸ್ತೆಯ ನಡುವೆ ನಿಂತಿತು. ಎಲ್ಲರೂ ಗ್ಲೆನಿಸ್‌ಳನ್ನು ನೋಡಿದರು. ಗ್ಲೆನಿಸ್ ಕೊಳವನ್ನು ನೋಡಿದಳು, ಆಕಾಶ ನೋಡಿದಳು, ಮರ್ವಿನ್‌ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಹಿಂದಕ್ಕೆ ನಡೆದು, ಕಾಂಡಕ್ಕೆ ಅಂಟಿಕೊಂಡಂತೆ, ಮಧ್ಯಾಹ್ನ ಪೂರ್ತಿ ತಣ್ಣಗಿರುವ ಒಂದೇ ಒಂದು ಜಾಗದಲ್ಲಿ ತನ್ನ ಕುರ್ಚಿ ಬಿಚ್ಚಿದಳು.

“ಅಲ್ಲಿ ನಾನು ಕೂರೋದು,” ಅಂದ ಮರ್ವಿನ್.

“ಇಲ್ಲಿ ಮರವೇ ಇಲ್ಲ, ಮರ್ವ್,” ಅಂದಳು ಗ್ಲೆನಿಸ್, ಕಾಲು ಚಾಚಿ. “ನೀನೇ ಸಹಿ ಹಾಕಿದೆ.”